ಎತ್ತಿ ಕುಡಿದ ನೀರು

ಮೊದಲ ಓಕರಿಕೆ ಬಂದದ್ದು ನನ್ನದೇ ಹೋಟೆಲಿನ ಎದುರು.

ಮಂಗಳೂರಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಬಂಟ್ವಾಳ ಪೇಟೆ ಬಂದಾಗ ನನಗೆ ಆಸೆಯಾಯಿತು. "ಒಂದು ನಿಮಿಷ ನಿಲ್ಲಿಸಿ, ಹೋಟೆಲು ನೋಡುವ" ಎಂದೆ. ಗಾಜು ಇಳಿಸಿದ್ದೇ ತಡ, ಬನ್ಸ್ ಕರಿಯುವ ಎಣ್ಣೆಯ ಪರಿಮಳ ಒಳಗೆ ನುಗ್ಗಿತು. ಅಪ್ಪನ ಕಾಲದಿಂದ ನಮ್ಮ ಸಂಸಾರವನ್ನು ಸಾಕಿದ ಪರಿಮಳ ಅದು. ಶಾಲೆ ಬಿಟ್ಟು ಬಂದವನು ಚೀಲ ಬಿಸಾಡಿ ಅದರ ಹಿಂದೆಯೇ ಅಡುಗೆಮನೆಗೆ ಓಡುತ್ತಿದ್ದೆ. ಈಗ ಹೊಟ್ಟೆಯ ತಳದಿಂದ ಏನೋ ಎದ್ದು ಬಂದು ಗಂಟಲಲ್ಲಿ ಕೂತಿತು. ಬಾಯಿ ತುಂಬ ನೀರು. ಹೆಂಡತಿ ಸುಮತಿ ಗಡಬಡಿಸಿ ಪ್ಲಾಸ್ಟಿಕ್ ಚೀಲ ಹಿಡಿದಳು.

ಗಾಜು ಏರಿಸಿಕೊಂಡು ಮನೆಗೆ ಹೋದೆವು.

ನನಗೆ ಮಾಡಿದ್ದು ತೂಕ ಇಳಿಸುವ ಸರ್ಜರಿ. ಶುಗರ್ ಹಿಡಿತಕ್ಕೆ ಬರುತ್ತಿರಲಿಲ್ಲ. ಮೊಣಕಾಲು ಮೆಟ್ಟಿಲು ಕಂಡರೆ ಹೆದರುತ್ತಿತ್ತು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಹೊಟ್ಟೆಯ ಹೆಚ್ಚಿನ ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟು ಸಪೂರ ಮಾಡಿ ಬಿಡುತ್ತಾರೆ. ಹಾಗೆ ಡಾಕ್ಟರು ಹೇಳಿದಾಗ ನಕ್ಕಿದ್ದೆ. ಹೋಟೆಲಿನವನಿಗೆ ಹೊಟ್ಟೆಯೇ ಬೋರ್ಡು, ಅದನ್ನೇ ಇಳಿಸಿದರೆ ಗಿರಾಕಿ ಬರುತ್ತಾರಾ ಎಂದು ತಮಾಷೆ ಮಾಡಿದ್ದೆ. ಈಗ ತಮಾಷೆಯೆಲ್ಲ ಮುಗಿದಿತ್ತು.

ಸುಮತಿ ಹೋಟೆಲಿನ ಗಲ್ಲಾದಲ್ಲಿ ಕೂರಲೇಬೇಕು. ಹಾಗಾಗಿ ನನ್ನನ್ನು ನೋಡಿಕೊಳ್ಳಲು ಶಿರ್ತಾಡಿಯಿಂದ ಗಿರಿಜಕ್ಕ ಬಂದಳು. ನನಗಿಂತ ಬಹಳ ದೊಡ್ಡವಳು, ಅಕ್ಕ ಎನ್ನುವುದಕ್ಕಿಂತ ಅರ್ಧ ಅಮ್ಮ. ಬಾಗಿಲಲ್ಲೇ ನಿಂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಉಣ್ಣಿಸಿ ಉಣ್ಣಿಸಿ ಬೆಳೆಸಿದ ಹೊಟ್ಟೆ ಮಾರಾಯ ಅದು! ನನ್ನ ಹತ್ರ ಒಂದು ಮಾತು ಕೇಳದೆ ಕೊಯ್ಯಿಸಿಕೊಂಡು ಬಂದೆಯಲ್ಲ!"

ಅವಳ ಸಿಟ್ಟಿಗೆ ಕಾರಣ ಉಂಟು. ನಾನು ಹುಟ್ಟುವಾಗ ಬೆರಳಿನಷ್ಟು ಮಗುವಂತೆ. ಕುಡಿಸಿದ್ದೆಲ್ಲ ಕಾರುತ್ತಿದ್ದೆನಂತೆ. ಅಮ್ಮ ನೇಜಿ ನೆಡಲು ಗದ್ದೆಗೆ ಇಳಿದರೆ, ಅಕ್ಕ ಕಾಲು ಚಾಚಿ ನನ್ನನ್ನು ಮಲಗಿಸಿಕೊಂಡು ಒಳಲೆಯಲ್ಲಿ ತೆಳ್ಳಗೆ ಕಾಯಿಸಿದ ರಾಗಿ ಮಣ್ಣಿ ಕುಡಿಸುವಳು. ಒಳಲೆ ಎಂದರೆ ಮೂತಿ ಚೂಪಾಗಿರುವ ಸಣ್ಣ ಬಟ್ಟಲು, ನಮ್ಮ ಮನೆಯದ್ದು ಕಂಚಿನದ್ದು. ಅರ್ಧ ನನ್ನ ಹೊಟ್ಟೆಗೆ, ಅರ್ಧ ಅವಳ ಲಂಗಕ್ಕೆ. ಸಂಜೆ ಅಮ್ಮ ಕೆಸರು ಕಾಲಲ್ಲಿ ಅಂಗಳಕ್ಕೆ ಬಂದವಳೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇವತ್ತು ಕಾರಿದನಾ?" ಎಷ್ಟೋ ದಿನ ಅಕ್ಕ ತಲೆ ತಗ್ಗಿಸಿ ನಿಲ್ಲುತ್ತಿದ್ದಳಂತೆ.

ಈಗಲೂ ಅದೇ ಕಥೆ ಶುರುವಾಯಿತು. ಸದ್ಯ ನೀರು, ತಿಳಿ ಸೂಪು ಮಾತ್ರ. ಸ್ವಲ್ಪ ಸ್ವಲ್ಪವೇ ಸಿಪ್ ಮಾಡಬೇಕು. ಆಸ್ಪತ್ರೆಯವರು ಕೊಟ್ಟ ಪುಟ್ಟ ಪ್ಲಾಸ್ಟಿಕ್ ಕಪ್ಪು ಬಿಟ್ಟು ಬೇರೇನನ್ನೂ ನಾನು ಮುಟ್ಟಲಿಲ್ಲ. ಆದರೂ ನೀರು ಒಳಗೆ ಹೋದೊಡನೆ ಎದೆ ಬಿಗಿಯುತ್ತಿತ್ತು. ತೇಗು ಅರ್ಧಕ್ಕೆ ನಿಲ್ಲುತ್ತಿತ್ತು. ಬಾಯಲ್ಲಿ ನೊರೆ ನೊರೆ ಎಂಜಲು. ಆಮೇಲೆ ವಾಂತಿ.

ವಾಂತಿಗಿಂತ ಓಕರಿಕೆ ಕೆಟ್ಟದು. ವಾಂತಿ ಬಂದು ಹೋಗುತ್ತದೆ. ಓಕರಿಕೆಯೋ, ಬಂದ ನೆಂಟ ಚಪ್ಪಲಿ ಬಿಚ್ಚಿಟ್ಟು ಕೂತುಬಿಟ್ಟ ಹಾಗೆ. ಅಕ್ಕ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದಳು. ಮೀನು ತರುವುದು ನಿಂತಿತು. ನಾನು ಮಲಗಿಕೊಂಡು ಅಮ್ಮ ಮಾಡುತ್ತಿದ್ದ ಹುರುಳಿ ಸಾರು, ನೀರು ದೋಸೆ, ಅಪ್ಪನ ಹೋಟೆಲಿನ ಕಲ್ಲಿನ ಮೇಜು ಎಲ್ಲ ನೆನೆಸುತ್ತಿದ್ದೆ. ವಿಚಿತ್ರವೆಂದರೆ ನೆನಪಿನಲ್ಲಿ ಯಾವುದೂ ಓಕರಿಕೆ ತರಿಸುತ್ತಿರಲಿಲ್ಲ. ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ.

ಮತ್ತೆ ಮಂಗಳೂರು. ಡ್ರಿಪ್ ಹಾಕಿದರು. ಎಂಡೋಸ್ಕೋಪಿ ಮಾಡಿದರು. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಡಾಕ್ಟರು ಘಟ್ಟದ ಮೇಲಿನವರು, ಸಮಾಧಾನದ ಮನುಷ್ಯ. ರಿಪೋರ್ಟ್ ಬದಿಗಿಟ್ಟು, "ನೀರು ನಿಲ್ಲದೇ ಇದ್ರೆ ಮನೆಗೆ ಕಳಿಸೋಕಾಗಲ್ಲ. ಎಲ್ಲಿ, ನನ್ನೆದುರಿಗೆ ಒಂದ್ಸಲ ಕುಡೀರಿ ನೋಡೋಣ" ಎಂದರು.

ಆ ಪುಟ್ಟ ಕಪ್ಪು ತೆಗೆದುಕೊಂಡೆ. ತಲೆ ಹಿಂದಕ್ಕೆ ವಾಲಿಸಿದೆ. ಕಪ್ಪನ್ನು ಮೇಲೆತ್ತಿ, ತುಟಿಗೆ ತಾಗಿಸದೆ, ಒಂದು ತೊಟ್ಟೂ ಚೆಲ್ಲದೆ ನೀರನ್ನು ಗಂಟಲಿಗೆ ಬಿಟ್ಟುಕೊಂಡೆ.

ಡಾಕ್ಟರು ನನ್ನನ್ನೇ ನೋಡಿದರು.

"ನೀವು ಯಾವಾಗ್ಲೂ ಹೀಗೇ ಕುಡಿಯೋದಾ?"

"ಮತ್ತೆ ಹೇಗೆ ಕುಡಿಯುವುದು ಡಾಕ್ಟ್ರೇ?"

"ಅಯ್ಯೋ, ಇದು ಸಿಪ್ ಅಲ್ಲ ಸ್ವಾಮಿ! ನೀರಿಗಿಂತ ಗಾಳಿನೇ ಜಾಸ್ತಿ ನುಂಗ್ತಿದ್ದೀರಿ. ಆ ಸಣ್ಣ ಹೊಟ್ಟೇಲಿ ಅದಕ್ಕೆ ಜಾಗ ಎಲ್ಲಿದೆ? ಕಚ್ಚಿ ಕುಡೀರಿ."

"ಕಚ್ಚಿಯಾ?" ಪಕ್ಕದಲ್ಲಿದ್ದ ಅಕ್ಕ ಬೆಚ್ಚಿದಳು.

ನಮ್ಮಲ್ಲಿ ಚಾ ಕಚ್ಚಿ ಕುಡಿಯುತ್ತಾರೆ, ಬಿಸಿಯಲ್ಲವಾ. ನೀರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಒಂದೇ ಚೊಂಬಿನಲ್ಲಿ ಮನೆಮಂದಿಯೆಲ್ಲ ಕುಡಿಯುವಾಗ ಒಬ್ಬನ ಎಂಜಲು ಇನ್ನೊಬ್ಬನಿಗೆ ಆಗಬಾರದು. ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಅಮ್ಮ ನನಗೆ ಎತ್ತಿ ಕುಡಿಯಲು ಕಲಿಸಿದ್ದಳು. ಮೂಗಿಗೆ ಹೋಗಿ, ಅಂಗಿ ಒದ್ದೆಯಾಗಿ, ಕೆಮ್ಮಿ ಕೆಮ್ಮಿ ಕೊನೆಗೊಂದು ದಿನ ಚೆಲ್ಲದೆ ಕುಡಿದಾಗ ಅವಳು ನನ್ನ ಬೆನ್ನು ತಟ್ಟಿದ್ದು ಈಗಲೂ ನೆನಪುಂಟು. ಅಂದಿನಿಂದ ನೀರೆಂದರೆ ಕೈ ತಾನಾಗಿ ಮೇಲೆ ಹೋಗುತ್ತದೆ. ಇಷ್ಟು ದಿನ ಸುಮತಿಯ, ಅಕ್ಕನ ಕಣ್ಣೆದುರೇ ಹಾಗೆ ಕುಡಿದಿದ್ದೆ. ಅವರಿಬ್ಬರೂ ಹಾಗೆಯೇ ಕುಡಿಯುವವರು, ಅದರಲ್ಲಿ ತಪ್ಪು ಅವರಿಗೆ ಕಾಣುವುದಾದರೂ ಹೇಗೆ?

ಕಾರಣ ಸಿಕ್ಕಿತು ಎಂದು ಖುಷಿಯಲ್ಲಿ ಮನೆಗೆ ಬಂದೆವು. ಆದರೆ ಕೈ ನನ್ನ ಮಾತು ಕೇಳಲಿಲ್ಲ. ನೆನಪಾಗುವಷ್ಟರಲ್ಲಿ ಕಪ್ಪು ಮೇಲೆ ಹೋಗಿ ನೀರು ಒಳಗೆ ಇಳಿದಾಗಿರುತ್ತಿತ್ತು. ಹಟ ಮಾಡಿ ತುಟಿಗೆ ತಾಗಿಸಿದರೆ ಆ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದು ಓಕರಿಕೆ. ಸ್ಟೀಲಿನ ಚಮಚವೂ ಅಷ್ಟೇ. ಮತ್ತೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ ಎಂದು ನನಗೆ ನಿಜವಾಗಿ ಹೆದರಿಕೆ ಹುಟ್ಟಿತು. "ನನ್ನಿಂದ ಆಗುವುದಿಲ್ಲ" ಎಂದು ಸುಮತಿಯ ಎದುರು ಅತ್ತುಬಿಟ್ಟೆ.

ಮರುದಿನ ಅಕ್ಕ ಏನೂ ಹೇಳದೆ ಬಸ್ಸು ಹತ್ತಿ ಶಿರ್ತಾಡಿಗೆ ಹೋದಳು. ಸಿಟ್ಟಲ್ಲಿ ಹೋದಳೆಂದೇ ನಾನು ತಿಳಿದೆ. ಮಧ್ಯಾಹ್ನ ಹಿಂದೆ ಬಂದವಳ ಕೈಯಲ್ಲಿ ಹಳೆಯ ಬಟ್ಟೆಯ ಗಂಟು ಇತ್ತು. ಅಡುಗೆಮನೆಯಲ್ಲಿ ಹುಣಸೆಹಣ್ಣು ಹಾಕಿ ಏನನ್ನೋ ತಿಕ್ಕಿದಳು. ಮಂಚದ ಬದಿಗೆ ಬಂದು ಕೂತಳು.

ಒಳಲೆ.

"ಬಾಯಿ ತೆರೆ."

"ಅಕ್ಕ, ನನಗೆ ಐವತ್ತು ದಾಟಿತು."

"ದಾಟಿದರೆ ಏನೀಗ? ತೆರೆ. ಮಗುವಿಗೆ ಎಂಜಲು ಇಲ್ಲ."

ದಿಂಬಿಗೆ ಒರಗಿ ಬಾಯಿ ತೆರೆದೆ. ಅವಳು ಒಳಲೆಯ ಮೂತಿಯನ್ನು ನನ್ನ ತುಟಿಗೆ ಇಟ್ಟು, ನಾಲಿಗೆ ಒದ್ದೆಯಾಗುವಷ್ಟು ಬಿಟ್ಟಳು. ನಿಲ್ಲಿಸಿದಳು. ನಾನು ನುಂಗಿದೆ. ಎದೆ ಬಿಗಿಯಲಿಲ್ಲ. ಇನ್ನೊಂದು ತೊಟ್ಟು. ಕಾದಳು. ಮತ್ತೊಂದು. ಅವಳ ಎಡಗೈ ತಾನಾಗಿ ನನ್ನ ಎದೆ ನೀವುತ್ತಿತ್ತು.

"ನೀನು ದಪ್ಪ ಆದ ಮೇಲೆ ಮದುವೆ ಮನೆಗಳಲ್ಲಿ ಎಲ್ಲರಿಗೂ ತೋರಿಸಿದವಳು ನಾನು. ನಮ್ಮ ತಮ್ಮ ನೋಡಿ ಅಂತ" ಎಂದಳು. "ಆ ದಪ್ಪ ನಾನು ಮಾಡಿದ್ದು ಅಂತ ಹೆಮ್ಮೆ ನನಗೆ. ಅದೇ ನಿನ್ನನ್ನು ಕೊಲ್ಲುತ್ತದೆ ಅಂತ ನನಗೆ ಎಲ್ಲಿ ಗೊತ್ತು ಮಾರಾಯ?"

ಅವಳ ಕಣ್ಣು ತುಂಬಿತು. ನನ್ನದೂ. ಬಾಯಲ್ಲಿ ನೀರಿತ್ತು, ಮೆಲ್ಲ ನುಂಗಿದೆ.

ಈಗ ಲೋಟ ಕಚ್ಚಿ ಕುಡಿಯಲು ಕಲಿತಿದ್ದೇನೆ. ಓಕರಿಕೆ ಪೂರ್ತಿ ಹೋಗಿಲ್ಲ, ಕೆಲವು ದಿನ ಕರಿದ ಎಣ್ಣೆಯ ಪರಿಮಳಕ್ಕೆ ಇನ್ನೂ ಏಳುತ್ತದೆ. ಆಗ ಹೋಟೆಲಿನ ಹೊರಗೆ ಕುರ್ಚಿ ಹಾಕಿ ಕೂರುತ್ತೇನೆ. ಅರ್ಧ ಬಟ್ಟಲು ಮೆತ್ತಗಿನ ಗಂಜಿ ಉಂಡರೆ ದೊಡ್ಡ ಊಟ. ಬನ್ಸ್ ತಿನ್ನುವ ದಿನ ಬರುತ್ತದೋ ಇಲ್ಲವೋ, ಆ ಆಸೆಯಾದರೂ ಮರಳಿ ಬಂದಿದೆ. ಅದು ಸಾಕು.

ಅಕ್ಕ ಒಳಲೆ ಹಿಡಿದು ಕೂತ ಆ ದಿನ ಸಂಜೆ ಸುಮತಿ ಹೋಟೆಲಿನಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೇಳಿದಳು, "ಅತ್ತಿಗೇ, ಇವತ್ತು ಕಾರಿದರಾ?"

ಅಕ್ಕ ಎದ್ದು ಬಾಗಿಲಿಗೆ ಹೋದಳು. ತಲೆ ಎತ್ತಿ ನಿಂತಳು.

"ಇಲ್ಲ. ಎಲ್ಲ ಒಳಗೆ ಉಂಟು."