ಕೊಬ್ಬಿನ ಪಾಲು

ಫೇರೋ ದ್ವೀಪಗಳ ಆ ಊರಿನಲ್ಲಿ ತಿಮಿಂಗಿಲದ ಮಾಂಸವನ್ನು ಮಾರುವ ಪದ್ಧತಿಯಿಲ್ಲ. ಊರವರು ಕೂಡಿ ಬೇಟೆಯಾಡಿ ದಡಕ್ಕೆ ತಂದದ್ದನ್ನು ಮನೆಮನೆಗೂ ಹಂಚುತ್ತಾರೆ. ನೀರಿಗಿಳಿಯಲಾಗದ ಮುದುಕರ ಪಾಲು ಬಾಗಿಲಿಗೇ ಬರುತ್ತದೆ. ಕಾರ್ಖಾನೆಯಲ್ಲಿ ಮೀನು ಸೀಳಿ ಸೀಳಿ ಬೆರಳು ಸೊಟ್ಟಗಾಗಿದ್ದ ಮುದುಕಿ ಸುನ್ವೊರ್‌ಗೆ ಅದು ಪಿಂಚಣಿಗಿಂತ ದೊಡ್ಡ ಮರ್ಯಾದೆ. ಆಲೂಗಡ್ಡೆಯ ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಬಿಳಿ ಕೊಬ್ಬಿನ ಹೋಳಿಲ್ಲದೆ ಅವಳು ಉಂಡವಳೇ ಅಲ್ಲ.

ಸಿಹಿ ಮುಟ್ಟದ, ಕಡ್ಡಿಯಂತಿರುವ ತನಗೆ ಸಕ್ಕರೆ ಕಾಯಿಲೆ ಹೇಗೆ ಬಂತೆಂದು ಅವಳು ಕೇಳಿದಾಗ ಡಾಕ್ಟರು ಸಾವಧಾನವಾಗಿ ವಿವರಿಸಿದರು. ದೂರದೇಶಗಳ ಕಾರ್ಖಾನೆಗಳಿಂದ ಸಮುದ್ರ ಸೇರಿದ ರಾಸಾಯನಿಕಗಳು ಕರಗಿಹೋಗದೆ ತಿಮಿಂಗಿಲದ ಕೊಬ್ಬಿನಲ್ಲಿ ಕೂರುತ್ತವೆ, ತಿಂದವರ ಮೈಯಲ್ಲೂ ವರ್ಷಗಟ್ಟಲೆ ಉಳಿಯುತ್ತವೆ. ನಿನ್ನ ಕಾಯಿಲೆಗೆ ಅದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ, ನಂಟಿರುವುದಂತೂ ಕಂಡಿದೆ, ಕೊಬ್ಬು ಬಿಟ್ಟುಬಿಡು ಎಂದರು.

ಅವಳು ಬಿಟ್ಟಳು. ಆದರೆ ಬಂದ ಪಾಲನ್ನು ಎಸೆಯುವುದು ಅಲ್ಲಿ ಪಾಪ. ವರ್ಷಗಟ್ಟಲೆ ಕೂಡಿದ್ದು ಮುದುಕರನ್ನಷ್ಟೇ ಕಾಡೀತೆಂದು ತಾನೇ ತೀರ್ಮಾನಿಸಿ, ಒಳ್ಳೆಯ ತುಂಡು ಬಸುರಿಗೆ ಎಂಬ ರೂಢಿಯಂತೆ, ಅದನ್ನು ಬಕೆಟ್ಟಿನಲ್ಲಿಟ್ಟು ಚೊಚ್ಚಲ ಬಸುರಿ ಮಗಳು ರಾನ್ವಾಗೆ ಕಳಿಸಿಕೊಟ್ಟಳು.

ಮಾರನೆಯ ದಿನ ರಾನ್ವಾ ಬಕೆಟ್ಟನ್ನು ಹಾಗೇ ತಂದು ಅಡಿಗೆಮನೆಯಲ್ಲಿಟ್ಟಳು.

"ಅಮ್ಮ, ಇದರ ವಿಷ ನನ್ನಲ್ಲೇ ನಿಲ್ಲಲ್ಲ. ಮಗೂಗೂ ಹೋಗುತ್ತೆ."

"ನಿನ್ನ ಹೊತ್ತಾಗ ನಾನು ದಿನಾ ತಿಂದಿದೀನಿ. ನಿಂಗೇನಾಗಿದೆ ಈಗ?"

"ನನ್ನ ರಕ್ತದಲ್ಲೂ ಅದು ಇದೆಯಂತೆ. ಇನ್ನೂ ಸೇರಿಸ್ಬೇಡ ಅಂದ್ರು ಡಾಕ್ಟ್ರು." ರಾನ್ವಾ ತಾಯಿಯ ಕೈ ಹಿಡಿದಳು. "ನಿನ್ನ ಮೇಲೆ ಕೋಪ ಇಲ್ಲಮ್ಮ. ನಿಂಗಾದ್ರೂ ಯಾರು ಹೇಳಿದ್ರು ಆಗ?"

ಯಾರೂ ಹೇಳಿರಲಿಲ್ಲ. ಸುನ್ವೊರ್ ಬಸುರಿಯಾಗಿದ್ದಾಗ, ಇನ್ನೊಂದು ತುಂಡು ತಿನ್ನು ಎಂದು ಅವಳ ಅತ್ತೆ ಒತ್ತಾಯಿಸುತ್ತಿದ್ದಳು; ಅದು ಪ್ರೀತಿಯೇ ಆಗಿತ್ತು. ಸುನ್ವೊರ್ ಬಕೆಟ್ಟನ್ನು ಮಗಳಿಂದ ದೂರ ಸರಿಸಿದಳು.

ಮುಂದಿನ ಬೇಟೆಯ ಸಂಜೆ ನೆರೆಮನೆಯ ಹಾನುಸ್ ಪಾಲು ಹೊತ್ತು ತಂದ. ಡಾಕ್ಟರು ಬಿಡಲು ಹೇಳಿದ್ದಾರೆ, ಬೇಡ ಎಂದಳು ಅವಳು. ಅವನ ಮುಖ ಗಂಟಾಯಿತು. ಪಾಲು ಒಲ್ಲೆ ಎಂದವರನ್ನು ಅವನು ಕಂಡೇ ಇರಲಿಲ್ಲ.

"ಡಾಕ್ಟ್ರು ಹೇಳಿದ್ರೆ ಉಸಿರಾಡೋದೂ ಬಿಡ್ತೀಯೇನೇ?"

"ಪಾಲು ಬೇಡ ಅಂದೆ, ನೀನು ಬೇಡ ಅಂದ್ನಾ? ಒಳಗೆ ಬಾ, ಕಾಫಿ ಕಾಯ್ತಿದೆ."

ಹಾನುಸ್ ಹೊಸ್ತಿಲಲ್ಲೇ ಕೊಂಚ ನಿಂತ. ಆಮೇಲೆ ಬಕೆಟ್ಟನ್ನು ಹೊರಗಿಟ್ಟು, ಬೂಟು ಕಳಚಿ, ಒಳಗೆ ಬಂದು ಕೂತ.