ಗಿರಣಿ ಗೋಡೆಯ ಪಕ್ಕ ನಮ್ಮ ಹಿಂದೆ ನಡೆದವರು

ಕಣ್ಣಿಗೆ ಕಾಣದ ಸಂಗತಿಯನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುವವಳು ನಾನು. ಈಗಲೂ ದೆವ್ವದ ಕಥೆ ಹೇಳಲು ಕೂತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕದ ಕೊನೆ. ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಮನೆ ಹಾವೇರಿಯಲ್ಲಿ, ದಿನವೂ ಬಸ್ಸಿನ ಓಡಾಟ. ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ಹತ್ತಿ ಗಿರಣಿಯ ಉದ್ದನೆಯ ಗೋಡೆ ಪಕ್ಕದ ದಾರಿ. ಅಲ್ಲೊಂದು ಕಟ್ಟೆಯ ಮೇಲೆ ಕೆಲವು ಹುಡುಗರು ಕೂತಿರುತ್ತಿದ್ದರು, ಅವರಲ್ಲಿ ಇಬ್ಬರು ನಮ್ಮ ಕಾಲೇಜಿನವರೇ. ಆ ದಾರಿಯಲ್ಲಿ ಹೋಗುವ ನಮ್ಮ ಹುಡುಗಿಯರಿಗೆ ಮೊದಲು ಬರೀ ಹೊಲಸು ಮಾತು. ಆಮೇಲೆ ಚೀಲ ಜಗ್ಗುವುದು, ಸೆರಗು ಜಗ್ಗುವುದು. ಒಂದು ಸಂಜೆ ನನ್ನ ವಿದ್ಯಾರ್ಥಿನಿ, ಕುಪ್ಪೇಲೂರಿನ ಗಿರಿಜಾಳ ಕೈಯನ್ನೇ ಹಿಡಿದರು. ಬಿಡಿಸಿಕೊಳ್ಳುವಾಗ ಬಳೆ ಒಡೆದು ಅವಳ ಮಣಿಕಟ್ಟು ಕೊಯ್ದಿತು.

ಮರುದಿನ ಅವಳ ಅಪ್ಪ ಕಾಲೇಜಿಗೆ ಬಂದರು. "ಓದಿದ್ದು ಸಾಕ್ರಿ ಬಾಯಾರ. ಮನ್ಯಾಗ ಇರ್ಲಿ," ಎಂದು ನನಗೆ ಹೇಳಿದರು. ಆಗ ಐರಣಿಯ ಶಾರದಾ, ಗಿರಿಜಾಳ ಗೆಳತಿ, ಮುಂದೆ ಬಂದು ನಿಂತಳು. "ಕಾಕಾ, ಇವತ್ತ ಈಕಿನ್ನ ಮನ್ಯಾಗ ಕುಂದ್ರಿಸಿದ್ರ ನಾಳೆ ನನ್ನ ಕೈ ಹಿಡೀತಾರ. ನಾವೆಲ್ಲಾ ಕೂಡೇ ಹೋಗ್ತೀವಿ. ಈಕಿ ನಮ್ಮ ನಡುವ ಇರ್ತಾಳ. ನಮ್ಮನ್ನ ನಂಬ್ರಿ."

ಅವರು ಕೊನೆಗೆ ಹೂಂ ಅಂದರು.

ಅಂದಿನಿಂದ ಒಬ್ಬ ಹುಡುಗಿಯೂ ಒಂಟಿಯಾಗಿ ಹೋಗಲಿಲ್ಲ. ಕೊನೆಯ ತರಗತಿ ಬಿಡುವ ತನಕ ಎಲ್ಲರೂ ಕಾಯುತ್ತಿದ್ದರು. ಕಟ್ಟೆಯ ಮುಂದೆ ಬಂದು ಮಾತಿಲ್ಲದೆ ನಿಂತುಬಿಡುತ್ತಿದ್ದರು; ಆ ಹುಡುಗರು ಎದ್ದು ಹೋದ ಮೇಲೆಯೇ ಮುಂದಕ್ಕೆ. ಅವರ ಜೊತೆ ನಾನೂ ನಿಲ್ಲುತ್ತಿದ್ದೆ. ನನ್ನ ಅರ್ಧ ವಯಸ್ಸಿನ ಆ ಹುಡುಗಿಯರ ನಡುವೆ ನಡೆಯುವಾಗ ಎದೆ ತುಂಬಿ ಬರುತ್ತಿತ್ತು. ಅವರ ಹಟಕ್ಕೆ ಪ್ರಾಂಶುಪಾಲರೂ ಮಣಿದು, ನಮ್ಮ ಇಬ್ಬರು ಹುಡುಗರನ್ನು ಕಾಲೇಜಿನಿಂದ ಹೊರಹಾಕಿದರು. ಅದರ ಸಿಟ್ಟು ಆ ಗುಂಪಿನಲ್ಲಿ ಉಳಿದೇ ಇತ್ತು.

ಚಳಿಗಾಲದ ಒಂದು ದಿನ ಹುಡುಗಿಯರೆಲ್ಲ ಖೋಖೋ ಪಂದ್ಯಕ್ಕೆಂದು ಹಾವೇರಿಗೆ ಹೋಗಿದ್ದರು. ಆಡುವವರು ಕೆಲವರು, ಉಳಿದವರು ಹುರಿದುಂಬಿಸಲು. ಜ್ವರದಿಂದ ಆಗಷ್ಟೇ ಎದ್ದಿದ್ದ ಗಿರಿಜಾ ಹೋಗಿರಲಿಲ್ಲ. ಸಂಜೆ ನಾನು, ಅವಳು ಇಬ್ಬರೇ ಹೊರಟೆವು. ಕರೆಂಟು ಹೋಗಿತ್ತು, ಮಬ್ಬುಗತ್ತಲೆ. ಗೋಡೆಯ ಪಕ್ಕ ಆ ಹುಡುಗರು ಸೈಕಲ್ಲುಗಳನ್ನು ದಾರಿಗೆ ಅಡ್ಡ ನಿಲ್ಲಿಸಿದ್ದರು.

"ಏನ್ರಿ, ಇವತ್ತ ನಿಮ್ಮ ಫೌಜು ಎಲ್ಲಿ ಹೋತು?" ಎಂದ ಒಬ್ಬ.

ಗಿರಿಜಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಆದರೂ ಇಬ್ಬರೂ ನಿಲ್ಲಲಿಲ್ಲ. ಆಗಲೇ ನಮ್ಮ ಹಿಂದೆ ಚಪ್ಪಲಿ ಸಪ್ಪಳ ಕೇಳಿಸಿತು. ಒಬ್ಬರದ್ದಲ್ಲ, ಬಹಳ ಜನರದ್ದು. ಬಳೆಗಳ ಸದ್ದು, ಯಾರೋ ಕೆಮ್ಮಿದ್ದು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ. ಹುಡುಗಿಯರು ವಾಪಸು ಬಂದರು ಅಂದುಕೊಂಡೆ. ಮಾತಾಡಿದವನ ಕಣ್ಣು ನಮ್ಮನ್ನು ದಾಟಿ ಹಿಂದಕ್ಕೆ ಹೋಯಿತು. ಸೈಕಲ್ಲು ಬದಿಗೆ ಸರಿಸಿ ಗೋಡೆಗೆ ಒತ್ತಿ ನಿಂತ. ಮಿಕ್ಕವರೂ ಸರಿದರು. ನಾವು ನಡೆದೆವು, ಸಪ್ಪಳವೂ ನಮ್ಮ ಹಿಂದೆಯೇ ನಡೆಯಿತು.

ಬಸ್ ಸ್ಟ್ಯಾಂಡಿನ ಅಂಗಡಿಗಳ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ತಿರುಗಿ ನೋಡಿದರೆ ದಾರಿ ಖಾಲಿ.

"ಶಾರದಾ ಎಲ್ಲಿ ಹೋದ್ಲ್ರಿ ಮೇಡಂ?" ಎಂದು ಕೇಳಿದಳು ಗಿರಿಜಾ.

ಹುಡುಗಿಯರಿದ್ದ ಹಾವೇರಿಯ ಬಸ್ಸು ಬಂದದ್ದು ಬಹಳ ತಡವಾಗಿ; ನಾವು ಅಲ್ಲೇ ಕಾಯುತ್ತಿದ್ದೆವು. ಮೋಟೆಬೆನ್ನೂರಿನ ಹತ್ತಿರ ಟಯರು ಪಂಕ್ಚರ್ ಆಗಿತ್ತಂತೆ. ನಡೆದದ್ದನ್ನು ಕೇಳಿ ಶಾರದಾಳ ಮುಖ ಬಿಳಿಚಿತು. "ಖರೇ ಹೇಳ್ತೇನ್ರಿ, ರಸ್ತಾದಾಗ ನಿಂತು ನಾವು ಅದನ್ನ ಮಾತಾಡಾಕತ್ತಿದ್ವಿ. ಗಿರಿಜಾ ಇವತ್ತ ಒಬ್ಬಾಕಿನ ಅದಾಳು, ಹೆಂಗ ಹೋಗ್ತಾಳೋ ಅಂತ."

ಮರುದಿನ ನಾನು ಪೊಲೀಸರಿಗೆ ದೂರು ಕೊಟ್ಟೆ. ಸ್ಟೇಷನ್ನಿನಲ್ಲಿ, ಫೌಜು ಎಲ್ಲಿ ಎಂದು ಕೇಳಿದ್ದ ಹುಡುಗ ನನ್ನ ಎದುರಿಗೇ ಹೇಳಿದ: "ನಾವೇನ್ ಮಾಡೂದ್ರಿ ಸಾಹೇಬ್ರ, ಇವ್ರ ಹಿಂದ ದಾರಿ ತುಂಬ ಹುಡುಗ್ಯಾರು ಇದ್ರು." ಆಮೇಲೆ ಆ ಕಟ್ಟೆಯ ಮೇಲೆ ಅವರು ಕೂರಲಿಲ್ಲ.

ಗಿರಿಜಾ ಬಿ.ಎ. ಮುಗಿಸಿದಳು. ಅವಳು ಹೋದ ಮೇಲೂ, ನಾನು ನಿವೃತ್ತಳಾಗುವವರೆಗೂ, ಹೊಸದಾಗಿ ಸೇರಿದ ಹುಡುಗಿಯರಿಗೆ ಹಿರಿಯ ಹುಡುಗಿಯರು ಮೊದಲ ದಿನವೇ ಹೇಳುತ್ತಿದ್ದರು, ಕೂಡೇ ಹೋಗೂಣು ಅಂತ. ಆ ದಾರಿಯಲ್ಲಿ ಮತ್ತೆಂದೂ ಯಾರ ಕೈಯನ್ನೂ ಯಾರೂ ಹಿಡಿಯಲಿಲ್ಲ. ಇದು ನನ್ನ ಹುಡುಗಿಯರು ಮಾಡಿದ ಕೆಲಸ, ಇದನ್ನು ಎಲ್ಲಿ ಬೇಕಾದರೂ ಎದೆಯುಬ್ಬಿಸಿ ಹೇಳುತ್ತೇನೆ. ಅವರೆಲ್ಲ ಮೋಟೆಬೆನ್ನೂರಿನಲ್ಲಿ ನಿಂತಿದ್ದ ಹೊತ್ತಿಗೆ ನಮ್ಮ ಹಿಂದೆ ನಡೆದು ಬಂದವರು ಯಾರು ಎನ್ನುವುದನ್ನು ಮಾತ್ರ ನೀವೇ ಹೇಳಬೇಕು.