ನಮ್ಮ ದೊಡ್ಡವ್ವನ ಕೊಟ್ಟಿಗೆಗೆ ಬಂದ ಪ್ರಶಸ್ತಿ

ಸಾಕ್ಷ್ಯಚಿತ್ರ ಅಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಎಂದು ಪಾಂಡವಪುರದ ಹೈಸ್ಕೂಲಿನಲ್ಲಿ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಈಗ ಆ ಪಾಠ ಬಂದರೆ ಬೇರೆ ಮೇಡಂಗೆ ಬಿಟ್ಟುಕೊಡುತ್ತೇನೆ. ನನ್ನ ಕೈಲಿ ಆಗುವುದಿಲ್ಲ, ಮೈ ಉರಿಯುತ್ತದೆ.

ನಮ್ಮ ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ, ಇರುವುದು ಬೂಕನಕೆರೆಯ ಹತ್ತಿರ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ನಾಗಮಂಗಲದ ಕಡೆಯವಳು. ಅತ್ತೆ ಸೊಸೆ ಸೇರಿ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ. ಜಗಳ ಆಡುವುದಿಲ್ಲವೇ ಅಂದರೆ ಆಡುತ್ತಾರೆ, ದಿನಾ ಆಡುತ್ತಾರೆ, ಆಡಿ ಮುಗಿಸಿ ಜೊತೆಗೇ ಕೂತು ಮುದ್ದೆ ಉಣ್ಣುತ್ತಾರೆ. ಸೊಸೆ ಬಂದ ಮೇಲೆ ಅಕ್ಕ ಮೈಕೈ ತುಂಬಿಕೊಂಡಳು ಎಂದು ನಮ್ಮವ್ವ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು.

ಹಸು ಸಾಕುವ ಹೆಂಗಸರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇವೆ ಎಂದು ಕ್ಯಾಮೆರಾದವರು ಬಂದ ಭಾನುವಾರ ನಾನೂ ಅಲ್ಲೇ ಇದ್ದೆ. ದೊಡ್ಡವ್ವ ರೇಷ್ಮೆ ಸೀರೆ ಉಟ್ಟು, ಓಲೆ ಸರ ಹಾಕಿಕೊಂಡು ತಯಾರಾಗಿದ್ದಳು. ಸೊಸೆ ಹಸುಗಳ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿದ್ದಳು. ನಿರ್ದೇಶಕ ಎಳೆ ವಯಸ್ಸಿನವನು, ಮಾತು ಮೆತ್ತಗೆ. "ಇದು ಬೇಡಮ್ಮ, ಹಳೇ ಸೀರೆ ಯಾವುದಾದರೂ ಇದ್ದರೆ ಉಟ್ಕೊಳ್ಳಿ" ಎಂದ. ಉಟ್ಟಳು. ಅಡುಗೆಮನೆಯ ಗ್ಯಾಸ್ ಒಲೆ, ಮಿಕ್ಸಿ ಅವನಿಗೆ ಹಿಡಿಸಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿಸಿದ. ಪಕ್ಕದಲ್ಲಿ ಒಂದು ಚಾಪೆ, ಒಂದು ಹರಕು ಕಂಬಳಿ ಹಾಸಿಸಿದ. ಕೊಟ್ಟಿಗೆಯಲ್ಲಿ ಯಾರಪ್ಪ ಮಲಗುತ್ತಾರೆ ಎಂದು ನಾನು ಕೇಳಿದ್ದಕ್ಕೆ ದೊಡ್ಡವ್ವ ನನ್ನನ್ನೇ ಗದರಿಸಿದಳು.

"ಸುಮ್ಕಿರವ್ವ ನೀನು. ಮದ್ವೇಲಿ ಪೋಟೋದೋನು ಕತ್ತು ಇಂಗ್ ತಿರುಗ್ಸು, ಅಂಗ್ ನಗು ಅಂದ್ರೆ ಮಾಡಾಕಿಲ್ವಾ? ಇದೂ ಅಂಗೇಯ. ಅವ್ರ ಕೆಲ್ಸ ಅವ್ರಿಗೆ ಗೊತ್ತು."

ನಮ್ಮ ಕಡೆ ಹಾಗೇ. ಫೋಟೋದವನು ಹೇಳಿದರೆ ಬೀಗರ ಮೇಲೆ ಮುನಿಸಿಕೊಂಡು ಕೂತವರೂ ಎದ್ದು ಬಂದು ನಗುತ್ತಾರೆ. ಸೊಸೆಗಂತೂ ಸಂಭ್ರಮವೋ ಸಂಭ್ರಮ. ಹಳೇ ಸೀರೆಯನ್ನು ಟ್ರಂಕಿನಿಂದ ಹುಡುಕಿ ತಂದವಳು ಅವಳು. ಹೊಗೆ ಸಾಲದು ಎಂದಾಗ ಹಸಿ ಸೌದೆ ಇಟ್ಟು ಊದಿದವಳೂ ಅವಳೇ. ಕಣ್ಣು ಕೆಂಪಗೆ ಮಾಡಿಕೊಂಡು ಎದ್ದವಳಿಗೆ, "ಅಕ್ಕ, ನೀವು ಸ್ವಲ್ಪ ಆಚೆ ಹೋಗಿ, ಫ್ರೇಮಿನಲ್ಲಿ ಬರ್ತೀರಿ" ಎಂದರು. ಅವಳು ಆಚೆ ಹೋಗಿ ಅಷ್ಟೂ ಜನಕ್ಕೆ ನಾಟಿ ಕೋಳಿ ಸಾರು, ಮುದ್ದೆ ಮಾಡಿದಳು. ಉಂಡರು, ಹೊಗಳಿದರು, ಹೋದರು.

ಎಷ್ಟೋ ತಿಂಗಳಾದ ಮೇಲೆ ಫೋನು ಬಂತು. ನಮ್ಮ ಸೀಮೆಯ ಸಿನಿಮಾ ವಿಮರ್ಶಕರ ಬಳಗವೊಂದು ಆ ಚಿತ್ರವನ್ನು ವರ್ಷದ ಅತ್ಯುತ್ತಮ ಸಾಕ್ಷ್ಯಚಿತ್ರ ಎಂದು ಆರಿಸಿದೆಯಂತೆ, ಶ್ರೀರಂಗಪಟ್ಟಣದಲ್ಲಿ ಚಿತ್ರ ತೋರಿಸಿ ಪ್ರಶಸ್ತಿ ಕೊಡುತ್ತಾರಂತೆ, ಅಮ್ಮನಿಗೂ ಸನ್ಮಾನವಂತೆ. ನಮ್ಮನೆ ಸಿನಿಮಾದಲ್ಲಿ ಬರುತ್ತೆ ಎಂದು ಸೊಸೆ ನಾಗಮಂಗಲದಿಂದ ತನ್ನ ಅವ್ವನನ್ನೂ ಅಣ್ಣನನ್ನೂ ಕರೆಸಿಕೊಂಡಳು.

ಮನೆ ಬರಲೇ ಇಲ್ಲ. ಹೊಗೆ ಬಂತು, ಚಾಪೆ ಬಂತು, ಹಸು ಬಂದವು. ಹಿಂದಿನಿಂದ ಕೊಳಲು. ಎಷ್ಟು ಹೊತ್ತು ಕೂರಿಸುತ್ತೀರಪ್ಪ ಎಂದು ದೊಡ್ಡವ್ವ ಬೇಸತ್ತು ಅತ್ತ ಮುಖ ತಿರುಗಿಸಿದ್ದಳಲ್ಲ, ಆ ಮುಖವನ್ನೇ ಹತ್ತಿರದಿಂದ ಹಿಡಿದಿದ್ದರು. ಅದರ ಮೇಲೆ ಒಂದು ಗಂಡಸಿನ ದನಿ: "ತಾನೇ ಕಟ್ಟಿಸಿದ ಮನೆಯ ಹೊಸ್ತಿಲು ಈಗ ಅವಳದಲ್ಲ. ಅವಳಿಗೆ ಉಳಿದಿರುವುದು ಈ ಕೊಟ್ಟಿಗೆ."

ಸಭೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ನನ್ನ ಪಕ್ಕದಲ್ಲಿ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಅಣ್ಣ ಬಾಗಿ ಮೆಲ್ಲಗೆ ಕೇಳಿದ, "ಏನಮ್ಮಿ ಇದು? ಅತ್ತೇನ ಕೊಟ್ಟಿಗೇಲಿ ಮಡಗಿದ್ದೀಯ?" ಆ ಮನೆಯಲ್ಲಿ ಎಷ್ಟೋ ಸಲ ಉಂಡು ಮಲಗಿ ಎದ್ದು ಹೋದ ಒಡಹುಟ್ಟಿದವನೇ ಹೀಗೆ ಕೇಳಿದ ಮೇಲೆ ಕಂಡವರನ್ನು ಏನೆನ್ನುವುದು.

ವಿಮರ್ಶಕರ ಪರವಾಗಿ ಹಿರಿಯರೊಬ್ಬರು ತೀರ್ಪು ಓದಿದರು. ನಿರ್ದೇಶಕರು ಏನನ್ನೂ ಸೇರಿಸಿಲ್ಲವಂತೆ, ಏನನ್ನೂ ಬಿಟ್ಟಿಲ್ಲವಂತೆ, ಕ್ಯಾಮೆರಾ ಇರುವುದೇ ತಿಳಿಯದಷ್ಟು ಸಹಜವಾಗಿದೆಯಂತೆ. ಸೇರಿಸಿದ್ದು ಹಸಿ ಸೌದೆ, ಬಿಟ್ಟಿದ್ದು ಸೊಸೆಯನ್ನು. ಇಷ್ಟು ಜನ ಕೂತು ಚಿತ್ರ ನೋಡಿ ತೂಗಿದರಲ್ಲ, ಒಬ್ಬರಿಗಾದರೂ ಆ ಊರಿಗೆ ಹೋಗಿ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ಶ್ರೀರಂಗಪಟ್ಟಣದಿಂದ ಬೂಕನಕೆರೆ ಏನು ಕಾಶಿಯೇ? ಹಳ್ಳಿಯ ಮುದುಕಿ ಎಂದರೆ ಇವರಿಗೆ ದುಃಖದಲ್ಲೇ ಇರಬೇಕು. ರೇಷ್ಮೆ ಉಟ್ಟು, ಸೊಸೆಯನ್ನು ಬಯ್ಯುತ್ತಾ, ನಗುತ್ತಾ, ಮಿಕ್ಸಿಯಲ್ಲಿ ಚಟ್ನಿ ರುಬ್ಬುವ ಮುದುಕಿಗೆ ಪ್ರಶಸ್ತಿ ಕೊಡುವ ವಿಮರ್ಶಕ ಇನ್ನೂ ಹುಟ್ಟಿಲ್ಲ.

ದೊಡ್ಡವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವಳು ಕೈಚಾಚಿ ಮೈಕು ಇಸಿದುಕೊಂಡಳು.

"ನಾನು ಕೊಟ್ಟಿಗೇಲಿ ಮನಿಕ್ಕೊಳಾಕಿಲ್ಲ ಕಣ್ರಪ್ಪ. ಒಳ್ಗೆ ಮಂಚ ಐತೆ, ಪ್ಯಾನೈತೆ. ಇವ್ರು ಕೂತ್ಕೊ ಅಂದ್ರು, ಕೂತ್ಕಂಡೆ. ನನ್ ಸೊಸೆ ಚಿನ್ನದಂತೋಳು. ಆ ಒಲೆ ಊದಿದ್ದೂ ಅವ್ಳೇಯ. ಸುಳ್ ಯೋಳಿರೋದ್ನ ತಗ್ದಾಕ್ಬುಡಿ."

ನನ್ನ ಎದೆ ಹಗುರಾಯಿತು. ಚಪ್ಪಾಳೆಯೂ ಬಿತ್ತು. ಆದರೆ ಆ ಹಿರಿಯರು ಮೈಕು ವಾಪಸ್ಸು ತೆಗೆದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದಿರಾ? ಇಷ್ಟಾದರೂ ಸೊಸೆಯನ್ನು ಬಿಟ್ಟುಕೊಡುತ್ತಿಲ್ಲ. ಇವಳೇ ನಮ್ಮ ಮಣ್ಣಿನ ತಾಯಿ" ಎಂದರು. ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಕೆಲವರು ಎದ್ದು ನಿಂತು ತಟ್ಟಿದರು. ದೊಡ್ಡವ್ವ ತಾನು ಹೇಳಿದ್ದು ಅವರಿಗೆ ತಿಳಿಯಿತು ಎಂದುಕೊಂಡು ಕೈಮುಗಿದಳು.

ಊಟದ ಹೊತ್ತಿಗೆ ನಾನು ಆ ಹಿರಿಯರನ್ನು ಹಿಡಿದು ನಿಲ್ಲಿಸಿದೆ. ಆ ದಿನ ನಾನು ಅಲ್ಲೇ ಇದ್ದೆ ಸರ್, ಒಲೆಯಿಂದ ಕಂಬಳಿಯವರೆಗೆ ಎಲ್ಲ ಇವರೇ ಹೂಡಿದ್ದು ಎಂದೆ. "ನಿಮ್ಮ ಸಂಕಟ ಅರ್ಥವಾಗುತ್ತೆ ಮೇಡಂ. ಮನೆಯವರಿಗೆ ಸತ್ಯ ಯಾವಾಗಲೂ ಕಷ್ಟ" ಎಂದು ಹೋಳಿಗೆ ಹಾಕಿಸಿಕೊಂಡರು. ನಿರ್ದೇಶಕ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ಬಾಯಿ ಬಿಡಲಿಲ್ಲ. ಆ ಮೌನವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಪ್ರಶಸ್ತಿ ಬಂದ ಚಿತ್ರ ಎಂದು ಅದರ ತುಣುಕು ಎಲ್ಲರ ಮೊಬೈಲಿಗೂ ಹೋಯಿತು. ಸೊಸೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದರೆ ಅಲ್ಲಿದ್ದವರ ಮಾತು ನಿಂತುಹೋಗುತ್ತಿತ್ತಂತೆ. ಎಲ್ಲ ತಿಳಿದ ಅಕ್ಕಪಕ್ಕದವರೂ, ಬೆಂಕಿ ಇಲ್ಲದೆ ಹೊಗೆ ಬಂತೇ ಎನ್ನುವಂತೆ ನೋಡುತ್ತಿದ್ದರಂತೆ.

ಹೋದ ವಾರ ಬೂಕನಕೆರೆಗೆ ಹೋಗಿದ್ದೆ. ಹಸು ಕರು ಹಾಕಿತ್ತು. ದೊಡ್ಡವ್ವ ಬೀದಿಗೆ ಕಾಣುವ ಹಾಗೆ ಜಗುಲಿಯ ಮೇಲೆ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಸುಮ್ಮನೆ ಕೂತಿದ್ದಳು. ಸೆಗಣಿ, ಹುಲ್ಲು, ಹಾಲು, ಎಲ್ಲವನ್ನೂ ಸೊಸೆ ಒಬ್ಬಳೇ ಮಾಡುತ್ತಿದ್ದಳು. ಬಾ, ಕರು ತೋರಿಸು ಎಂದೆ.

"ನೀನೋಗಿ ನೋಡ್ಕಂಡ್ ಬಾರವ್ವ" ಎಂದಳು. "ನನ್ನ ಬುಡಾಕಿಲ್ಲ. ಅತ್ತೆ, ನಿಮ್ ಕಾಲಿಡಿತೀನಿ, ಯಾರಾನ ನೋಡ್ಬುಟ್ಟಾರು, ಕೊಟ್ಟಿಗೆ ತಾವ್ಕೆ ಮಾತ್ರ ಬರ್ಬೇಡಿ ಅಂತ ಅಳ್ತಾಳೆ. ಕರ ಉಟ್ಟಿ ಇಷ್ಟ್ ದಿನ ಆಯ್ತು, ಒಂದ್ ಕಿತ ಮೈ ಮುಟ್ಟಿಲ್ಲ ನಾನು."